ನಿನ್ನ ಓರಗೆಯವರು

ಕೂಫಾ,
ಶವ್ವಾಲ್ ತಿಂಗಳ ಕೊನೆಯ ಶುಕ್ರವಾರ, ಹಿಜರಿ ೧೪೧

ಮಗನೇ ಸುವೈದ್, ದೇವರು ನಿನ್ನನ್ನು ಎಲ್ಲಿಟ್ಟಿದ್ದಾನೋ ಅಲ್ಲಿಗೆ ಅಮ್ಮನ ಸಲಾಮು.

ಹೇಗಿದ್ದೀಯಪ್ಪ? ಚಳಿ ಬಂತೆಂದರೆ ನಿನ್ನ ಎದೆ ಕಟ್ಟುತ್ತಿತ್ತು. ಮರ್ವ್ ದಾಟಿ ಆ ದೊಡ್ಡ ನದಿಯಾಚೆ ಹಿಮವೇ ಬೀಳುತ್ತದಂತೆ, ಉಣ್ಣೆಯದು ಏನಾದರೂ ಹೊದ್ದುಕೋ, ಯಾರ ಹತ್ತಿರವಾದರೂ ಕೇಳಿ ಇಸಿದುಕೋ. ದಂಡಿಗೆ ಹೋಗಿ ಆರು ವರ್ಷ ಸುದ್ದಿಯಿಲ್ಲದ ಮಗನಿಗೆ ಹೀಗೆ ಬರೆಯುವ ಮುದುಕಿಗೆ ತಲೆ ಕೆಟ್ಟಿದೆ ಎಂದು ನಿನ್ನ ಸೋದರಮಾವ ಇಲ್ಲೇ ಕೂತು ಗೊಣಗುತ್ತಿದ್ದಾನೆ. ಗೊಣಗಲಿ ಬಿಡು. ಅಲ್ಲಿಂದ ಮರಳಿದವರಲ್ಲಿ ಒಬ್ಬ, ನೀನು ಬಾಣ ತಗುಲಿ ಬಿದ್ದದ್ದನ್ನು ಕಂಡೆ ಎಂದ. ಇನ್ನೊಬ್ಬ, ನೀನು ಸೆರೆಯಾಳುಗಳ ಸಾಲಿನಲ್ಲಿ ನಡೆದುಹೋಗುತ್ತಿದ್ದೆ ಎಂದ. ನಾನು ಎರಡನೆಯವನಿಗೆ ಊಟ ಹಾಕಿ ಕಳಿಸಿದೆ. ಮೊದಲನೆಯವನಿಗೆ ನೀರು ಬೇಕಾ ಎಂದೂ ಕೇಳಲಿಲ್ಲ.

ಈದ್ ಕಳೆದ ವಾರ ನಿಮ್ಮಪ್ಪ ತೀರಿಕೊಂಡರು. ಇದನ್ನು ಬೇರೆ ಹೇಗೆ ಬರೆಯಬೇಕೋ ನನಗೆ ತಿಳಿಯದು. ಶಿಷ್ಯರು ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದು ನುಗ್ಗಿ, ಹೆಣ ಬೀಳಿಸುವುದೊಂದು ಬಾಕಿ. ‘ಸುವೈದನ ತಂದೆ ಹೋದರು’ ಎಂದು ಬೀದಿಯಲ್ಲಿ ಕೂಗಿಕೊಂಡು ಹೋದರು. ಊರು ಅವರನ್ನು ಕರೆದದ್ದೇ ನಿನ್ನ ಹೆಸರಿನಿಂದ ಅಲ್ಲವೇ? ಕಾನೂನು ಕೇಳಲು ಬಂದವರೆಲ್ಲ ನಿನ್ನ ಹೆಸರು ಹಿಡಿದೇ ಮಾತು ಶುರುಮಾಡಬೇಕು, ಇವರು ಅದಕ್ಕೆ ಓಗೊಡಬೇಕು. ಆರು ವರ್ಷ ಆ ಮನುಷ್ಯ ಅದನ್ನು ಹೇಗೆ ತಡೆದುಕೊಂಡರೋ.

ಅವರ ಆ ತೀರ್ಪು ನಿನಗೆ ಮರೆತಿರಲಾರದು, ಮಸೀದಿಯ ಕಂಬಕ್ಕೊರಗಿ ನೀನೇ ಬಾಯಿಪಾಠ ಮಾಡಿದ್ದು. ಗಂಡ ಕಾಣೆಯಾದವಳು ಅವನ ಸಾವಿನ ಖಚಿತ ಸುದ್ದಿ ಬರುವ ತನಕ, ಇಲ್ಲವೇ ಊರಿನಲ್ಲಿ ಅವನ ಓರಗೆಯವರೆಲ್ಲ ಸತ್ತು ಮುಗಿಯುವ ತನಕ ಅವನ ಹೆಂಡತಿಯೇ. ನಾಲ್ಕು ವರ್ಷ ಕಾದರೆ ಸಾಕು ಎನ್ನುವ ಮದೀನಾದ ಪಂಡಿತರನ್ನು ಕಂಡರೆ ಇವರಿಗೆ ನಗು. ‘ಅನುಮಾನದ ಮೇಲೆ ಬದುಕಿರೋನನ್ನ ಹೂಳೋಕಾಗುತ್ತಾ?’ ಎನ್ನುತ್ತಿದ್ದರು. ನೀನು ಆಗ ಮನೆಯಲ್ಲಿದ್ದೆ, ನಾನೂ ಪರದೆಯ ಹಿಂದೆ ಕೂತು ಹೌದಲ್ಲ ಎಂದು ತಲೆದೂಗಿದ್ದೆ.

ಈಗ ನಿನ್ನ ಹೆಂಡತಿ ಉಮೈಮಾಳ ಮಾತು ಹೇಳುತ್ತೇನೆ, ಕೇಳು. ಕುಲೈಬ್ ನೆನಪಿದ್ದಾನಲ್ಲ, ಖರ್ಜೂರದ ವ್ಯಾಪಾರಿಯ ಮಗ, ಫುರಾತ್ ನದಿಯಲ್ಲಿ ನಿನ್ನ ಜೊತೆ ಈಜಿ ಒದೆ ತಿನ್ನುತ್ತಿದ್ದವನು? ಕಳೆದ ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟ. ಬೀದಿಯಲ್ಲಿ ಅಳು ಎದ್ದಾಗ ಉಮೈಮಾ ಹಿಟ್ಟು ನಾದುತ್ತಿದ್ದಳು. ತಲೆಯೆತ್ತದೆ ಕೇಳಿದಳು: ‘ಅತ್ತೆ, ಕುಲೈಬ್ ಇವರಿಗಿಂತ ದೊಡ್ಡೋನಾ, ಚಿಕ್ಕೋನಾ?’ ನೀನೂ ಅವನೂ ಒಂದೇ ವರ್ಷದವರು, ಒಂದೇ ಚಳಿಗಾಲದಲ್ಲಿ ಹಾಲು ಬಿಡಿಸಿದ್ದು ಎಂದೆ. ಹೂಂ ಎಂದು ಮತ್ತೆ ನಾದಿದಳು. ಆಮೇಲೆ ಕೈ ನಿಂತಿತು. ತಾನು ಏನು ಕೇಳಿದೆ ಎಂಬುದು ಅವಳಿಗೆ ಆಗ ತಿಳಿದದ್ದು. ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿದಳು. ಅಂದಿನಿಂದ ಯಾವ ಸಾವಿನ ಮನೆಗೂ ಹೋಗುವುದಿಲ್ಲ. ಕುಂಬಾರನ ಹೆಂಡತಿ ಬಾವಿಯ ಹತ್ತಿರ ಹೇಳುತ್ತಾಳಂತೆ, ‘ನಮ್ಮ ಹುಡುಗನಿಗೆ ಜ್ವರ ಅಂತ ಉಮೈಮಾ ಕಿವಿಗೆ ಹಾಕಬೇಡ್ರೇ, ಲೆಕ್ಕ ಹಾಕ್ತಾಳೆ.’ ಹೋಗಿ ಅವಳ ಚಳಿ ಬಿಡಿಸಿ ಬಂದೆ. ಆದರೆ ದಾರಿಯುದ್ದಕ್ಕೂ ನನಗೇ ಅಳು. ಬಂಗಾರದಂಥ ಹುಡುಗಿಯನ್ನು ನಮ್ಮ ಮನೆಯ ತೀರ್ಪು ಊರ ಗಂಡಸರ ಸಾವು ಕಾಯುವವಳನ್ನಾಗಿ ಮಾಡಿತು.

ಅಂದೇ ನಿಮ್ಮಪ್ಪನ ಮುಂದೆ ಕೂತೆ. ತೀರ್ಪು ತಿರುಗಿಸಿ ಎಂದೆ. ‘ತನ್ನ ಮನೆಗೆ ಬಂದಾಗ ತಿರುಗಿಸಿದ ಅಂತಾರೆ ಕಣೇ. ನಾನು ಬರಿಗೈಲಿ ವಾಪಸು ಕಳಿಸಿದ ಹೆಂಗಸರಿಗೆ ಏನು ಹೇಳಲಿ?’ ಎಂದರು. ಅವರನ್ನೂ ಕರೆದು ಬಿಡುಗಡೆ ಎಂದು ಹೇಳಿ, ಅದಕ್ಕೇನು ಎಂದೆ. ಎದ್ದು ಮಸೀದಿಗೆ ನಡೆದುಬಿಟ್ಟರು. ಕೊನೆಯ ದಿನ ಶಿಷ್ಯರನ್ನು ಹೊರಗೆ ಕಳಿಸಿ ನನ್ನ ಕೈ ಹಿಡಿದರು. ‘ತಿರುಗಿಸಿದರೆ ನಮ್ಮ ಹುಡುಗ ಸತ್ತ ಅಂತ ನಾನೇ ಹೇಳಿದ ಹಾಗಲ್ವೇನೇ, ಲುಬಾಬಾ?’ ಎಂದು ಮಗುವಿನ ಹಾಗೆ ಅತ್ತರು. ನನಗೂ ಬೇಕಾಗಿದ್ದದ್ದು ಅದೇ, ಸುವೈದ್. ಅವಳು ನಿನ್ನ ಹೆಂಡತಿಯಾಗಿರುವಷ್ಟು ದಿನ ನೀನು ಬದುಕಿದ್ದೀಯ ಎಂದುಕೊಂಡು ಇಬ್ಬರು ಮುದುಕರು ಅವಳ ಯೌವನವನ್ನು ಉಂಡೆವು.

ಈಗ ಮಸೀದಿಯಲ್ಲಿ ಅವರ ಕಂಬದ ಬಳಿ ಗೈಲಾನ್ ಕೂರುತ್ತಾನೆ, ನಿಮ್ಮಪ್ಪನ ಹಿರಿಯ ಶಿಷ್ಯ. ಅದೇ ತೀರ್ಪು, ಅದೇ ಮಾತು, ನಡುವೆ ಕೆಮ್ಮುವುದೂ ಅವರ ಹಾಗೆಯೇ. ಉಳಿದವರು ಬಸ್ರಾ, ವಾಸಿತ್, ರೈ ಎಂದು ಊರೂರಿಗೆ ಒಯ್ದಿದ್ದಾರೆ. ಕೊನೆಯ ದಿನ ಅವರು ಅತ್ತದ್ದನ್ನು ಮಾತ್ರ ಯಾರೂ ಒಯ್ಯಲಿಲ್ಲ, ಅದನ್ನು ಕಂಡವಳು ನಾನೊಬ್ಬಳೇ.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ನಮಾಜು ತಪ್ಪಿಸಬೇಡ. ಸೋದರಮಾವ ಗೊಣಗುತ್ತಲೇ ಸಲಾಮು ಹೇಳಿದ್ದಾನೆ. ದೇವರು ನಿನ್ನ ತಲೆ ಕಾಯಲಿ.

ನಿನ್ನ ಹೆತ್ತವಳು,
ಲುಬಾಬಾ

ಮರೆತ ಮಾತು: ಮರ್ವ್ ಊರಿಗೆ ಹೊರಟ ಎಣ್ಣೆ ವ್ಯಾಪಾರಿ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ. ನಾಳಿದ್ದು ಹಜ್ ಯಾತ್ರೆಯವರ ಜೊತೆ ಉಮೈಮಾಳನ್ನು ಮದೀನಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ, ನಿನ್ನ ಸೋದರಮಾವನೂ ಬರುತ್ತಾನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಡಬಾರದು, ಗೊತ್ತು, ಆ ಪಾಪ ನನಗಿರಲಿ. ಹುಡುಕಿದರೂ ನೀನು ಸಿಗಲಿಲ್ಲ ಎಂದು ಮನೆಯವರು ಅಲ್ಲಿಯ ಕಾಜಿಯ ಮುಂದೆ ನಿಂತು ಹೇಳಬೇಕಂತೆ. ಅವಳ ಬಾಯಲ್ಲಿ ಹೇಳಿಸುವುದಿಲ್ಲ, ನಾನೇ ಹೇಳುತ್ತೇನೆ. ಕಳೆದ ಆರು ವರ್ಷ ಲೆಕ್ಕಕ್ಕಿಲ್ಲ, ಅವರ ನಾಲ್ಕು ವರ್ಷ ನಾನು ಹೇಳಿದ ದಿನದಿಂದ ಶುರು. ಅಷ್ಟರೊಳಗೆ ಬಾ, ಮಗನೇ. ಆಮೇಲೆ ಬಂದರೆ ನನ್ನ ಬಾಗಿಲಿಗೆ ಬಾ. ಅವಳ ಬಾಗಿಲಿಗೆ ಹೋಗಬೇಡ.