ಒಂದೇ ಸಂಖ್ಯೆಯ ಒಂಬತ್ತು ಮಕ್ಕಳು

ಕ್ರಿ.ಶ. ೨೧೬೮, ಹದಿಮೂರನೆಯ ತಿಂಗಳ ಎರಡನೆಯ ದಿನ

ಪ್ರಮೀಳಾ ಹಡಪದ ಅವರಿಗೆ,

ತಿಂಗಳ ಲೆಕ್ಕ ನೋಡಿ ಗಾಬರಿಯಾಗಬೇಡಿ. ಮಳೆ ತನ್ನ ಕಾಲ ಬದಲಿಸಿದ ಮೇಲೆ ನಾವೂ ವರ್ಷಕ್ಕೆ ಒಂದು ತಿಂಗಳು ಸೇರಿಸಿಕೊಂಡೆವು. ನನ್ನ ಮಾತಿನಲ್ಲಿ ನೀವು ಕೇಳದ ಶಬ್ದಗಳು ನುಸುಳಿದರೆ ಕ್ಷಮಿಸಿ. ವಯಸ್ಸಿನಲ್ಲಿ ನೀವು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕಾಲದಲ್ಲಿ ನನ್ನ ಮುತ್ತಜ್ಜಿಗಿಂತ ಹಿರಿಯರು. ಅಕ್ಕ ಎಂದೇ ಕರೆಯುತ್ತೇನೆ.

ನಾನು ಹಳೆಯ ದಾಖಲೆಗಳನ್ನು ಕಾಯುವವಳು. ತಾಲ್ಲೂಕಿನ ಆರೋಗ್ಯ ಕಚೇರಿಯಲ್ಲಿ ಈ ಸೋಮವಾರ ನೀವು ತೆರೆದಿಟ್ಟುಕೊಂಡ ಲಸಿಕೆಯ ಪಟ್ಟಿ ನನ್ನ ಮುಂದೆಯೂ ಇದೆ. ಅದರಲ್ಲಿ ಒಂಬತ್ತು ಮಕ್ಕಳ ಹೆಸರಿನೆದುರು ಒಂದೇ ಮೊಬೈಲ್ ಸಂಖ್ಯೆ. ಒಂದು ಸಂಖ್ಯೆಗೆ ಒಂದೇ ಮಗು ಎಂಬುದು ನಿಮ್ಮ ಕಂಪ್ಯೂಟರಿನ ಕಟ್ಟಳೆ. ಮೊದಲ ಹೆಸರು ಉಳಿಸಿ, ಮಿಕ್ಕ ಎಂಟನ್ನು ನಕಲು ಎಂದು ಅಳಿಸಲು ಮೇಲಿನಿಂದ ಸೂಚನೆ ಬಂದಿದೆ. ಸಂಜೆಯೊಳಗೆ ಮುಗಿಯಬೇಕು.

ಅವು ನಕಲಲ್ಲ, ಅಕ್ಕ. ಕುರಿ ಹಿಂಡಿನೊಂದಿಗೆ ಘಟಪ್ರಭೆಯ ದಂಡೆಯಿಂದ ಘಟ್ಟದವರೆಗೆ ನಡೆಯುವ ಏಳು ಸಂಸಾರಗಳ ಮಕ್ಕಳು. ಏಳಕ್ಕೂ ಸೇರಿ ಇರುವುದು ಒಂದೇ ಫೋನು. ಅದು ಬಾಳವ್ವ ಎಂಬ ಹಿರಿಯಳ ಕೊರಳ ಸಂಚಿಯಲ್ಲಿದೆ. ಕುದುರೆಯ ಬೆನ್ನ ಮೇಲೆ ಕಟ್ಟಿದ ಸೌರ ಹಲಗೆಯಿಂದ ಅದಕ್ಕೆ ಚಾರ್ಜು. ಓದಲು ಬಾರದ ಬಾಳವ್ವ, ಲಸಿಕೆಯ ಸಂದೇಶ ಬಂದೊಡನೆ ದಾರಿಯ ಅಂಗಡಿಯವರಿಂದ ಓದಿಸಿಕೊಂಡು, ಅದರಲ್ಲಿ ಹೆಸರಿರುವ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರದ ಆಸ್ಪತ್ರೆಗೆ ನಡೆಯುತ್ತಾಳೆ.

ಪಟ್ಟಿಯಲ್ಲಿ ಮೊದಲ ಹೆಸರು ಅಕ್ಕವ್ವ. ಆಕೆ ನನ್ನ ಮುತ್ತಜ್ಜಿಯ ತಾಯಿ. ನಮಗೆ ತಿಳಿದ ಚರಿತ್ರೆಯಲ್ಲಿ, ನೀವು ಅಳಿಸಿದ ಮೇಲೆ ಅವಳೊಬ್ಬಳ ಸಂದೇಶ ಬಂತು, ಅವಳೊಬ್ಬಳಿಗೆ ಸೂಜಿ ಬಿತ್ತು. ಬೇರೆ ತಾಯಂದಿರು ಕೇಳಿದಾಗಲೆಲ್ಲ ಬಾಳವ್ವ, "ಬರತೈತಿ ತಡೀರೆ, ಸರಕಾರ ಏನ್ ನಿಮ್ಮ ಅತ್ತಿ ಮನಿ ಏನು, ಸರದಿ ಮರೆಯಾಕ?" ಎಂದು ನಗಿಸಿ ಕಳಿಸಿದಳಂತೆ. ಚಳಿಗಾಲವಿಡೀ ಕಾದಳು. ಘಟ್ಟದ ಬುಡದಲ್ಲಿ ದಡಾರ ಬಂತು. ಅಳಿಸಿಹೋದ ಎಂಟರಲ್ಲಿ ಬೀರು, ಲಗಮವ್ವ, ಮಾಯಪ್ಪ ಮರಳಲಿಲ್ಲ. ಆಮೇಲೆ ಬಾಳವ್ವ ಯಾರನ್ನೂ ನಗಿಸಲಿಲ್ಲ ಎಂದು ನಮ್ಮ ಮನೆಯ ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನಿಮ್ಮ ಪರದೆಯಲ್ಲಿ ಕುರಿಯಿಲ್ಲ, ಕುದುರೆಯಿಲ್ಲ, ಹತ್ತು ಅಂಕಿಗಳಷ್ಟೇ ಇವೆ.

ನಮ್ಮಲ್ಲಿ ಈಗ 'ಕೂಸುಕರೆ' ಇದೆ. ಮಗುವಿನ ಉಡಿದಾರದಲ್ಲಿ ಹೆಣೆದ ಒಂದು ಎಳೆ ಅದು. ಲಸಿಕೆಯ ದಿನ ತುಸು ಬೆಚ್ಚಗಾಗುತ್ತದೆ. ಮಗು ಕಚಗುಳಿಯಾಗಿ ನಕ್ಕರೆ ತಾಯಿಗೆ ತಿಳಿಯುತ್ತದೆ. ಹಿಂಡು ಎಲ್ಲಿ ಇಳಿದಿದೆಯೋ ಅಲ್ಲಿಗೇ ದಾದಿಯ ಬಂಡಿ ಬರುತ್ತದೆ. ಬೆಳಗಿನ ಹೊತ್ತು ಹಾಲು ಕಾಯಿಸುವಾಗ ಯಾವ ಬಿಡಾರದಿಂದ ನಗು ಕೇಳೀತೆಂದು ಎಲ್ಲರೂ ಕಿವಿಗೊಟ್ಟಿರುತ್ತಾರೆ. ಇಷ್ಟಾದರೂ ಎಳೆ ಕಡಿದುಹೋಗುವುದುಂಟು. ಆಗ ನಾವೂ ಹಿಂಡಿನ ಹಿರಿಯಳನ್ನೇ ಕೇಳುತ್ತೇವೆ.

ನನ್ನದು ಒಂದೇ ಕೋರಿಕೆ. ಅಳಿಸುವ ಮೊದಲು ಆ ಸಂಖ್ಯೆಗೊಮ್ಮೆ ಕರೆ ಮಾಡಿ. ನೀವು ಕರೆದರೆ ನನ್ನ ಕಾಲ ಹೇಗೆ ತಿರುಗೀತೋ ತಿಳಿಯದು. ಬೀರು ಬದುಕಿ ಅಕ್ಕವ್ವನನ್ನೇ ಮದುವೆಯಾಗಬಹುದು, ನಾನು ಹುಟ್ಟದೆಯೇ ಇರಬಹುದು. ಅದನ್ನು ಯೋಚಿಸಿಯೇ ಈ ಕಾಗದ ಬರೆದಿದ್ದೇನೆ.

ಬಾಳವ್ವ ಕೂಡಲೇ ಎತ್ತುವುದಿಲ್ಲ. ಕಂಬಳಿ ಸರಿಸಿ ಸಂಚಿಯ ದಾರ ಬಿಚ್ಚಬೇಕು, ಕುರಿಗಳನ್ನು ಗದರಿಸಬೇಕು. ಗಂಟೆ ಪೂರ್ತಿ ಬಡಿಯಲಿ, ನಡುವೆ ಫೋನು ಇಡಬೇಡಿ. ಎತ್ತಿದ ಮೇಲೆ ಆಕೆ ಹಲೋ ಎನ್ನುವುದಿಲ್ಲ. "ಯಾವ ಕೂಸಿಂದವಾ ಸರದಿ?" ಎಂದು ಕೇಳುತ್ತಾಳೆ.

ಒಂಬತ್ತೂ ಹೆಸರು ಹೇಳಿ.