ಮೆಟ್ಟಿಲೇ ಇಲ್ಲದ ಮನೆ

ರೀ,

ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡೇ ಹೋಗಿ. ಮಗಳ ರೋಬೋಟು ಗುಂಡನ ಚೂರುಗಳು ನೆಲದ ತುಂಬ ಬಿದ್ದಿವೆ. ನಿಮ್ಮ ಸುತ್ತಿಗೆಯಲ್ಲೇ ಅವನ ತಲೆ ಒಡೆದೆ. ಮೊದಲ ಏಟಿಗೆ "ಆಟ ಆಡೋಣ್ವಾ?" ಅಂದ. ಬಾಯಿ ಮುಚ್ಚುವವರೆಗೂ ಬಡಿದೆ.

ಹಾಲು ಕಾಯಿಸಿಲ್ಲ. ನೀವೇ ಕಾಯಿಸಿಕೊಳ್ಳಿ.

ನಿನ್ನೆ ಮಗಳ ಪ್ಲಾಸ್ಟರ್ ನೋಡುತ್ತಾ ಡಾಕ್ಟರಮ್ಮ, "ಕೈ ಹೇಗೆ ಮುರೀತು ಪುಟ್ಟಿ?" ಅಂತ ಕೇಳಿದರು. "ಮೆಟ್ಟಿಲಿಂದ ಬಿದ್ದೆ. ಗುಂಡ ನೋಡಿದಾನೆ, ಅವನು ಸುಳ್ಳು ಹೇಳಲ್ಲ" ಅಂದಳು.

ನಮ್ಮ ಮನೆಗೆ ಮೆಟ್ಟಿಲೇ ಇಲ್ಲವಲ್ಲ ರೀ! ಕೈ ತಿರುಚಿ ಮುರಿದವರು ನೀವು. ಅಂಗಡಿಯಲ್ಲಿ ರೋಬೋಟು ರಿಪೇರಿ ಮಾಡುವ ಕೈಚಳಕವನ್ನು ಮನೆಯಲ್ಲೂ ತೋರಿಸಿ, ಗುಂಡನ ಬಾಯಲ್ಲಿ ವಾರವಿಡೀ "ನೀನು ಮೆಟ್ಟಿಲಿಂದ ಬಿದ್ದೆ" ಅಂತ ಅವಳ ಕಿವಿಯಲ್ಲಿ ಊದಿಸಿದವರೂ ನೀವೇ.

ಅಣ್ಣನ ಮನೆಗೆ ಹೊರಟಿದ್ದೇವೆ. ಹಿಂದೆ ಬಂದರೆ ಹುಷಾರ್, ಸುತ್ತಿಗೆ ನನ್ನ ಚೀಲದಲ್ಲೇ ಇದೆ.

ಚೂರುಗಳನ್ನು ಕಂಡು ಮಗಳು, "ಗುಂಡ ಬಿದ್ನಾ ಅಮ್ಮಾ?" ಅಂತ ಕೇಳಿದಳು.

"ಇಲ್ಲ ಕಂದಾ, ನಾನೇ ಹೊಡೆದೆ" ಅಂದೆ.

ತನ್ನ ಪ್ಲಾಸ್ಟರನ್ನು ಮುಟ್ಟಿ ನೋಡಿಕೊಂಡು, "ಹಾಗಾದ್ರೆ ನಾನೂ ಬಿದ್ದಿಲ್ಲ" ಅಂದಳು.