ಲಾನ್‌ಸು ದ್ವೀಪದ ಕೊನೆಯ ಮತಗೂಗು

ಲಾನ್‌ಸು, ಗಣರಾಜ್ಯ ಶಕೆ ಇನ್ನೂರ ಹದಿನಾಲ್ಕು, ಎಂಟನೆಯ ತಿಂಗಳ ಮೂವತ್ತೈದನೆಯ ತಾರೀಕು

ಇನ್ನೂ ಕಾಗದ ಓದುವ ಕಾಲದಲ್ಲಿರುವ ಕನ್ನಡದ ಹಿರಿಯರಿಗೆ,

ತಾರೀಕು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ನಮ್ಮ ಶಾಸಕಾಂಗ ಬಜೆಟ್ ಚರ್ಚೆಯನ್ನು ತಿಂಗಳೊಳಗೆ ಮುಗಿಸಲಿಲ್ಲ. ಹಾಗಾಗಿ ತಿಂಗಳನ್ನೇ ಉದ್ದ ಮಾಡಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಪೂರ್ವ ಏಷ್ಯಾದ ಈ ದ್ವೀಪಕ್ಕೆ ನಮ್ಮ ಮೂಲದಜ್ಜಿ ಬೀಜಶಾಸ್ತ್ರ ಕಲಿಸಲು ಧಾರವಾಡದಿಂದ ಬಂದವಳು. ಬೀಜಗಳು ಇಲ್ಲಿಯ ಮಣ್ಣಿಗೆ ಒಗ್ಗಿದವು, ಭಾಷೆ ಮಾತ್ರ ಹೊಸ್ತಿಲು ದಾಟಲಿಲ್ಲ. ಬರೆಯುವುದಕ್ಕೆ ಪುಸ್ತಕದ ಕನ್ನಡ, ಬೈಯುವುದಕ್ಕೆ ಧಾರವಾಡದ ಕನ್ನಡ ಎಂದು ನಮ್ಮ ಮನೆಯಲ್ಲಿ ಅಧಿಕಾರ ವಿಭಜನೆಯಾಗಿದೆ.

ಗಣರಾಜ್ಯದಲ್ಲಿಯೂ ಆಗಿದೆ, ಸ್ವಲ್ಪ ಹೆಚ್ಚಾಗಿಯೇ. ನಿಮ್ಮ ಸರ್ಕಾರಕ್ಕೆ ಮೂರು ಅಂಗ, ನಮ್ಮದಕ್ಕೆ ಐದು. ಕಾರ್ಯಾಂಗ, ಶಾಸಕಾಂಗ, ನ್ಯಾಯಾಂಗ ನಿಮಗೂ ಗೊತ್ತು. ನೌಕರರನ್ನು ಪರೀಕ್ಷೆ ಮಾಡಿ ಆರಿಸುವುದು ಪರೀಕ್ಷಾಂಗ. ಉಳಿದ ನಾಲ್ಕರ ಮೇಲೆ ಕಣ್ಣಿಡುವುದು ಕಾವಲಂಗ. ಮೂಲದಜ್ಜಿ ಇದಕ್ಕೆ ಪಂಚಾಂಗವೆಂದು ಹೆಸರಿಟ್ಟಿದ್ದಳಂತೆ. ಇದರಲ್ಲಿಯೂ ರಾಹುಕಾಲವೇ ಜಾಸ್ತಿ ಎಂಬುದು ಅವಳ ದೂರು. ಈಗ ಅವಳಿದ್ದಿದ್ದರೆ ಆಸ್ಪತ್ರೆಯವರ ಹಾಗೆ ‘ಬಹು ಅಂಗಾಂಗ ವೈಫಲ್ಯ’ ಎನ್ನುತ್ತಿದ್ದಳೇನೋ.

ಇಷ್ಟೆಲ್ಲ ಅಂಗಗಳಿಗೂ ಜೀವ ಬರುತ್ತಿದ್ದುದು ಒಂದೇ ಒಂದು ಗಂಟಲಿನಿಂದ. ಅದನ್ನು ಮತಗೂಗು ಎನ್ನುತ್ತಿದ್ದೆವು. ಮತದಾನ ಮುಗಿದ ಸಂಜೆ ವಾರ್ಡಿನ ಶಾಲೆಯಲ್ಲಿ ಪೆಟ್ಟಿಗೆ ಒಡೆದು, ಒಂದೊಂದೇ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದು, ಅದರಲ್ಲಿರುವುದನ್ನು ಗಟ್ಟಿಯಾಗಿ ಕೂಗಬೇಕು. ಕೂಗಿದ್ದಕ್ಕೆ ಇನ್ನೊಬ್ಬರು ಗೋಡೆಯ ಮೇಲಿನ ಹಾಳೆಯಲ್ಲಿ ಗೆರೆ ಎಳೆಯಬೇಕು. ಐದು ಗೆರೆ ಸೇರಿದರೆ ಇಲ್ಲಿಯ ಲಿಪಿಯ ಒಂದು ಅಕ್ಷರವಾಗುತ್ತದೆ. ‘ನೇರ’ ಎಂದು ಅದರರ್ಥ. ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು, ಮಕ್ಕಳು ಅಪ್ಪಂದಿರ ಹೆಗಲೇರುತ್ತಿದ್ದವು, ಗೆರೆ ಸೊಟ್ಟಗಾದರೆ ಹಿಂದಿನ ಸಾಲಿನಿಂದ ಗೇಲಿ ಬರುತ್ತಿತ್ತು. ನಮ್ಮ ವಾರ್ಡಿನಲ್ಲಿ ಕೂಗುತ್ತಿದ್ದವಳು ನನ್ನ ಸೋದರತ್ತೆ ಶಾಲ್ಮಲಾ, ಗೆರೆ ಎಳೆಯುತ್ತಿದ್ದವಳು ನಾನು. ತನಗೆ ಆಗದ ಅಭ್ಯರ್ಥಿಯ ಹೆಸರನ್ನೂ ಅತ್ತೆ ಅಷ್ಟೇ ಗಟ್ಟಿಯಾಗಿ ಕೂಗುತ್ತಿದ್ದಳು. ಮನೆಯಲ್ಲಿ ನಾವು ಅವಳನ್ನು ಕೂಗುಮಾರಿ ಎಂದು ಕಾಡಿಸುತ್ತಿದ್ದೆವು. ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದಿಟ್ಟದ್ದೂ ಉಂಟು. ಅವಳು ಅದರ ಕೆಳಗೆ ‘ಮತ ಹಾಕಾಕ’ ಎಂದು ಸೇರಿಸಿದ್ದಳು.

ಆಮೇಲೆ ಇಂಗಿತಯಂತ್ರ ಬಂತು. ನೀವು ಕೊಳ್ಳುವ ಸೊಪ್ಪು, ಬಿಡುವ ನಿಟ್ಟುಸಿರು, ಟೀ ಅಂಗಡಿಯಲ್ಲಿ ಆಡಿ ಅರ್ಧಕ್ಕೆ ನುಂಗಿದ ಮಾತು, ಎಲ್ಲವನ್ನೂ ಕೂಡಿಸಿ ನೀವು ಯಾರಿಗೆ ಮತ ಹಾಕುತ್ತಿದ್ದಿರೋ ಅದನ್ನು ನಿಮ್ಮ ಪರವಾಗಿ ತಾನೇ ಹಾಕಿಬಿಡುತ್ತದೆ. ತಪ್ಪುವುದೇ ಇಲ್ಲ. ಮತಗಟ್ಟೆಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಉಳಿದದ್ದು ನಮ್ಮ ವಾರ್ಡು. ಕಾವಲಂಗ ಕಾವಲಿನಲ್ಲಿ ತೂಕಡಿಸಿ ಎದ್ದು ಒಂದು ನಿಯಮ ಮಾಡಿತು: ಅರ್ಧದಷ್ಟು ಜನ ಖುದ್ದಾಗಿ ಬಂದು ಕೂಗು ಬೇಕೆಂದು ಚೀಟಿ ಹಾಕಿದರೆ ಕೂಗು ಉಳಿಯುತ್ತದೆ; ಬಾರದವರು ಬೇಡವೆಂದಂತೆ.

ಅತ್ತೆ ಮನೆಮನೆ ತಿರುಗಿದಳು. ಎಲ್ಲರೂ ಅವಳಿಗೆ ಚಹಾ ಕೊಟ್ಟರು, ‘ಕೂಗಿಲ್ಲದ ಚುನಾವಣೆಯೂ ಒಂದು ಚುನಾವಣೆಯೇ?’ ಎಂದು ಮರುಗಿದರು. ಸುಳ್ಳಲ್ಲ, ಮನಸ್ಸಿನಿಂದಲೇ ಮರುಗಿದರು. ಯಂತ್ರಕ್ಕೂ ಅದು ತಿಳಿಯಿತು. ಮತದಾನದ ಹಿಂದಿನ ದಿನ ಅದು ಊರಿಗೆಲ್ಲ ಸಾರಿತು: ವಾರ್ಡಿನ ಬಹುತೇಕ ಎಲ್ಲರಿಗೂ ಕೂಗು ಬೇಕು, ಶಾಲ್ಮಲಾ ಗೆದ್ದಂತೆಯೇ.

ಗೆದ್ದಂತೆಯೇ ಆದಮೇಲೆ ಹೋಗುವುದೇಕೆ? ಮರುದಿನ ರಜೆ, ಬಿಸಿಲು ಹಿತವಾಗಿತ್ತು. ಪ್ರತಿಯೊಬ್ಬರೂ ಉಳಿದವರೆಲ್ಲ ಹೋಗಿರುತ್ತಾರೆಂದು ನಂಬಿ ಕಡಲ ದಂಡೆಗೆ ಹೋದರು. ಅಲ್ಲಿ ಪರಸ್ಪರ ಎದುರಾದಾಗಲೂ, ಇವರು ಬೆಳಿಗ್ಗೆಯೇ ಮತ ಹಾಕಿ ಬಂದಿರಬೇಕೆಂದು ಮೆಚ್ಚಿಕೊಂಡರಂತೆ.

ಶಾಲೆಗೆ ಬಂದವರು ಅತ್ತೆ, ನಾನು, ನನ್ನ ಗಂಡ. ಮುಚ್ಚುವ ಹೊತ್ತಿಗೆ ಮೀನಿನುಂಡೆ ಸಾರು ಮಾರುವ ಜೆಂಗ್ ಬಂದರು. ಕೂಗಿನಿಂದ ಗಿರಾಕಿಗಳ ತಲೆನೋಯುತ್ತದೆಂದು ಅದನ್ನು ಮೊದಲಿನಿಂದ ವಿರೋಧಿಸಿದವರು ಅವರು. ಮನೆಯಲ್ಲಿ ಕೂತಿದ್ದರೂ ನಿಮ್ಮ ಕಡೆಯೇ ಗೆಲ್ಲುತ್ತಿತ್ತಲ್ಲ ಎಂದು ಕೇಳಿದೆ.

“ಗೊತ್ತಮ್ಮಾ. ಬೇಡ ಅನ್ನೋದನ್ನೂ ಒಂದ್ಸಲ ನಿಮ್ಮತ್ತೆ ಬಾಯಲ್ಲೇ ಕೇಳೋಣ ಅಂತ ಬಂದೆ.”

ಪೆಟ್ಟಿಗೆ ಒಡೆದೆವು. ಖಾಲಿ ಬೆಂಚುಗಳ ಮುಂದೆ ಅತ್ತೆ ಪ್ರತಿ ಚೀಟಿಯನ್ನೂ ಎತ್ತಿಹಿಡಿದು, ತುಂಬಿದ ಸಭೆಗೆ ಕೂಗುವ ಹಾಗೆಯೇ ಕೂಗಿದಳು. ಬೇಕು, ಬೇಕು, ಬೇಕು. ಆಮೇಲೆ ‘ಬೇಡ’ವನ್ನೂ, ಒಂದಿಷ್ಟೂ ದನಿ ತಗ್ಗಿಸದೆ. ಜೆಂಗ್ ಎದ್ದುನಿಂತು ಕೇಳಿಸಿಕೊಂಡರು. ಒಂದು ಕಡೆ ಮೂರು ಗೆರೆ, ಇನ್ನೊಂದು ಕಡೆ ಒಂದು. ಎರಡನ್ನೂ ಸೇರಿಸಿದರೂ ‘ನೇರ’ ಎಂಬ ಅಕ್ಷರ ಪೂರ್ತಿಯಾಗಲಿಲ್ಲ. ಕೊನೆಗೆ ಎಳೆಯುವ ಬುಡದ ಗೆರೆಯೇ ಇಲ್ಲ.

ಸಮಾಧಾನಕ್ಕೆಂದು ನಾನು, ಎಲ್ಲರ ಮನಸ್ಸೂ ನಿನ್ನ ಕಡೆಯೇ ಇತ್ತು ಅತ್ತೆ ಎಂದೆ.

“ಮನಸಿನ್ಯಾಗ ಇದ್ದದ್ದನ್ನ ನಾ ಹ್ಯಾಂಗ ಕೂಗ್ಲಿ?” ಎಂದಳು.

ಜನರ ಇಂಗಿತ ಹೀಗೆ ಇಂಗಿಹೋಯಿತು. ಈಗ ಚುನಾವಣೆಗಳು ನಾವು ನಿದ್ದೆಯಲ್ಲಿರುವಾಗ ಮುಗಿಯುತ್ತವೆ. ಅತ್ತೆ ಅಂದಿನಿಂದ ಗಟ್ಟಿಯಾಗಿ ಮಾತಾಡಿಲ್ಲ. ಯಂತ್ರ ಅವಳ ಮೌನವನ್ನು ತೃಪ್ತಿಯೆಂದು ತಿಳಿದು, ಪ್ರತಿ ಸಲವೂ ಅವಳ ಮತವನ್ನು ಆಳುವವರಿಗೇ ಹಾಕುತ್ತದೆ.

ನಿಮ್ಮಲ್ಲಿಯೂ ಮತದಾನಕ್ಕೆ ಮೊದಲೇ ಯಾರು ಗೆಲ್ಲುತ್ತಾರೆಂದು ಹೇಳುವವರಿದ್ದಾರೆಂದು ಕೇಳಿದ್ದೇನೆ. ಅವರು ಹೇಳಿದ್ದು ನಿಜವೇ ಇರಬಹುದು, ಆದರೂ ಹೋಗಿ. ಸೋಲುವುದು ಖಂಡಿತವಾಗಿದ್ದರೂ ಹೋಗಿ, ಗೆಲ್ಲುವುದು ಖಂಡಿತವಾಗಿದ್ದರೆ ಜೆಂಗ್ ಹಾಗೆ, ಅವರಿಗಿಂತ ಬೇಗ ಹೋಗಿ. ಮನೆಗೆ ಬಂದಮೇಲೆ ಬಾಗಿಲಲ್ಲಿ ನಿಂತು, ಬೇಕೋ ಬೇಡವೋ, ಒಂದು ಸಲ ಗಟ್ಟಿಯಾಗಿ ಕೂಗಿಬಿಡಿ. ದೂರ ಬಹಳವೆಂದು ಗೊತ್ತು. ಆದರೆ ನಮ್ಮ ಅತ್ತೆಯ ಕಿವಿ ಇನ್ನೂ ಚುರುಕಾಗಿದೆ, ಗೆರೆ ಎಳೆಯಲು ನಾನಿದ್ದೇನೆ.

ನಿಮ್ಮ ಮರಿಮಕ್ಕಳ ಕಾಲದಾಚೆಯ,
ನೀಲಾಂಬಿಕಾ ಹೊಂಬಳ